ರಾಜನೂ ಹೌದು, ವಿಧವೆಯೂ ಹೌದು

ಕಮಲಾಪುರ ದಾಟಿ ಹಂಪಿ ಕಡೆ ಹೊರಳಿದರೆ ತುರ್ತು ಕಾಲುವೆಯ ಬದಿಗೆ ಬಾಳೆತೋಟಗಳು. ಡಿಸೆಂಬರಿನ ಒಂದು ಬೆಳಗ್ಗೆ ಅಲ್ಲಿನ ಹುಣಸೆಮರದ ಕೆಳಗೆ ನಿಂತಿದ್ದೆ. ಎಲೆಗಳ ನಡುವಿನಿಂದ ಬಿಳಿ ಲಾಡಿಯೊಂದು ಜಾರಿದಂತಾಗಿ, ಕೆಳಗೆ ಬೀಳದೆ ಮೇಲಕ್ಕೇ ಹೋಯಿತು. ರಾಜಹಕ್ಕಿ! ಮೈ ಒಂದು ಗೇಣಿಲ್ಲ, ಬಾಲದ ಎರಡು ಗರಿ ಮಾತ್ರ ಗೇಣು ಮೀರಿ ಉದ್ದ. ಮಿರುಗುವ ಕರಿತಲೆ, ಜುಟ್ಟು, ಕಣ್ಣ ಸುತ್ತ ನೀಲಿ ಉಂಗುರ. ಹಿಂದೆಯೇ ಇನ್ನೊಂದು ಬಂತು. ಅದಕ್ಕೂ ಕರಿ ಜುಟ್ಟು. ಆದರೆ ಬೆನ್ನು ಸಂಡೂರಿನ ಅದಿರು ಲಾರಿ ಓಡಾಡಿದ ರಸ್ತೆಯ ಬಣ್ಣ, ಬಾಲ ಮೊಟಕು.

‘ಬಿಳೇದು ಗಂಡು, ಕೆಂಪಂದು ಹೆಣ್ಣಲ್ಲೇನ್ರೀ?’ ತೋಟದ ಯಜಮಾನರು ಕೇಳಿದರು.

ಹೌದೆನ್ನಲು ಬಾಯಿ ತೆರೆದವನು ಸುಮ್ಮನಾದೆ. ಎಳೆಯ ಗಂಡೂ ಹೆಣ್ಣಿನಂತೆಯೇ ಕೆಂಪು. ಬಾಲ ಬೆಳೆಯಲು ಎರಡು ಮೂರು ವರ್ಷ ಬೇಕು. ಬಾಲ ಬೆಳೆದ ಮೇಲೂ ಕೆಲವು ಗಂಡುಗಳು ಕೆಂಪಾಗಿಯೇ ಇರುತ್ತವೆ, ಕೆಲವು ಬೆಳ್ಳಗಾಗುತ್ತವೆ. ಹೀಗೆ ವೇಷ ಬದಲಿಸುವ ಹಕ್ಕಿಯನ್ನು ಯಾವ ಗೂಡಿಗೆ ಸೇರಿಸುವುದು?

1758ರಲ್ಲಿ ಲಿನೇಯಸ್ ಇದನ್ನು ಕಾಗೆಯ ಕುಲಕ್ಕೆ ಹಾಕಿದ್ದ: ಕಾರ್ವಸ್ ಪ್ಯಾರಡೈಸಿ. ಕಾಗೆ ಎಲ್ಲಿ, ಇದೆಲ್ಲಿ! ನಂತರದವರು ನಕ್ಕು, ಗಾಳಿಯಲ್ಲಿ ಹುಳ ಹಿಡಿಯುವ ನೊಣಹಿಡುಕಗಳ ಜೊತೆ ಕೂರಿಸಿದರು. 1827ರಲ್ಲಿ ಗ್ಲೋಗರ್ ಈ ಕುಲಕ್ಕೆ ಟರ್ಪ್ಸಿಫೋನ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ‘ಇಂಪಾದ ದನಿ’ ಎಂಬ ಅರ್ಥ. ನನ್ನ ಹುಣಸೆಮರದಿಂದ ಕೇಳಿದ್ದು ಮಾತ್ರ ಬಾಗಿಲ ಕೀಲು ಕಿರುಗುಟ್ಟಿದ ಸದ್ದು. ಕೊನೆಗೆ ಡಿಎನ್‌ಎ ಪರೀಕ್ಷೆ ಬಂತು. ಇದು ಆ ನೊಣಹಿಡುಕಗಳ ನೆಂಟನಲ್ಲ. ಕಾಜಾಣ, ಕಳಿಂಗ, ಕಾಗೆಗಳಿಗೇ ಹತ್ತಿರ. ಲಿನೇಯಸ್ ಕುರುಡಾಗಿ ಎಸೆದ ಕಲ್ಲು ಸರಿಯಾದ ಮರಕ್ಕೇ ತಾಗಿತ್ತು.

ಈ ಕುಲದ ಹಕ್ಕಿಗಳು ಆಫ್ರಿಕದಿಂದ ಜಪಾನಿನವರೆಗೆ, ನಡುವಿನ ಪುಟ್ಟ ಪುಟ್ಟ ದ್ವೀಪಗಳಲ್ಲೂ ಇವೆ. ಸೀಶೆಲ್ಸ್‌ನ ಲಾ ಡೀಗ್ ದ್ವೀಪದ ಗಂಡು ಉದ್ದ ಬಾಲದವರೆಗೂ ಅಪ್ಪಟ ಕಪ್ಪು. ಅಲ್ಲಿಯವರು ಅದನ್ನು ‘ವೇವ್’ ಅನ್ನುತ್ತಾರೆ, ಅಂದರೆ ವಿಧವೆ. ಅಳಿಯುವ ಅಂಚಿನಲ್ಲಿದ್ದ ಆ ಹಕ್ಕಿಗಳಲ್ಲಿ 23ನ್ನು 2008ರಲ್ಲಿ ಡೆನಿಸ್ ದ್ವೀಪಕ್ಕೆ ಒಯ್ದು ಬಿಟ್ಟರು. ಜಪಾನಿನವರ ಕಿವಿಗೆ ಅವರ ಹಕ್ಕಿಯ ಹಾಡು ‘ತಿಂಗಳು, ಸೂರ್ಯ, ಚುಕ್ಕಿ’ ಎಂದಂತೆ ಕೇಳುತ್ತದೆ; ಅದಕ್ಕೇ ಮೂರು ಬೆಳಕಿನ ಹಕ್ಕಿ ಎಂಬ ಹೆಸರು. ನಮ್ಮಲ್ಲಿ ರಾಜ. (ಹಂಪಿಯಲ್ಲಿ ನಿಂತು ‘ರಾಜನನ್ನು ನೋಡಿದೆ’ ಅಂದರೆ ಕೇಳಿದವರು ಕೃಷ್ಣದೇವರಾಯನ ಪ್ರತಿಮೆಯೇ ಅಂದುಕೊಂಡಾರು.)

ಹಕ್ಕಿ ಪುಸ್ತಕದ ನಕಾಶೆಯಲ್ಲಿ ನಮ್ಮ ಸೀಮೆಗೆಲ್ಲ ಒಂದೇ ಬಣ್ಣ ಬಳಿದಿರುತ್ತಾರೆ. ನಿಜದಲ್ಲಿ ಮಾತಂಗ ಬೆಟ್ಟದ ಕಾದ ಬಂಡೆಯ ಮೇಲೆ ಇದನ್ನು ಹುಡುಕಿ ಫಲವಿಲ್ಲ. ಕಂಪ್ಲಿಯ ಬಯಲು ಗದ್ದೆಯ ನಡುವೆಯೂ ಇಲ್ಲ. ಗದ್ದೆಯಂಚಿನ ಮಾವಿನ ಗುಂಪು, ಸಂಡೂರು ಬೆಟ್ಟದ ಹಳ್ಳದ ಮಗ್ಗುಲು, ವಿಜಯನಗರದವರು ಕಡಿದ ಈ ಕಾಲುವೆಯ ನೆರಳುಪಟ್ಟಿ: ಇಷ್ಟೇ ಇದರ ರಾಜ್ಯ, ಅದೂ ಹೆಚ್ಚಾಗಿ ಚಳಿಗಾಲಕ್ಕೆ.

‘ಹಂಗಾದ್ರ ಆ ಕೆಂಪಂದು ಏನ್ರೀ?’

‘ಗೊತ್ತಾಗಂಗಿಲ್ರೀ.’

ಯಜಮಾನರು ಸಲಿಕೆಯಿಂದ ಒಡ್ಡು ಒಡೆದು ಬಾಳೆಸಾಲಿಗೆ ನೀರು ತಿರುಗಿಸಿದರು. ಒಣಗಿದ ಸೋಗೆಯೊಳಗಿಂದ ಸಣ್ಣ ಹುಳುಗಳು ಎದ್ದವು. ಮೊದಲು ಕೆಂಪು ಇಳಿಯಿತು, ಆಮೇಲೆ ಬಿಳಿ.