ದಾನದ ಕಾಲ

ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟ ದಾನವೇ ಸಾತ್ತ್ವಿಕವೆಂದು ಗೀತೆಯು ಹೇಳುತ್ತದೆ. ದೇಶವಾವುದು, ಪಾತ್ರನಾರು ಎಂಬ ವಿಚಾರವನ್ನು ನಮ್ಮವರು ಬಹುವಾಗಿ ಮಾಡಿರುವರು. ಕಾಲದ ವಿಚಾರವನ್ನಾದರೋ ಹಸಿದಾಗ ಅನ್ನವಿಕ್ಕುವಷ್ಟರಲ್ಲಿ ಮುಗಿಸಿಬಿಡುತ್ತೇವೆ. ಅದು ಅಷ್ಟಕ್ಕೇ ಮುಗಿಯತಕ್ಕುದೆ?

2013ನೆಯ ಇಸವಿ ನವೆಂಬರ್ 8ರಂದು ಹೈಯಾನ್ ಎಂಬ ಚಂಡಮಾರುತವು ಫಿಲಿಪೈನ್ಸ್ ದ್ವೀಪಗಳಿಗೆ ಬಡಿಯಿತು. ಆ ನಾಡಿನವರು ಅದನ್ನು ಯೋಲಾಂಡಾ ಎಂದು ಕರೆದರು. ಲೇಟೆ ದ್ವೀಪದ ಟಾಕ್ಲೋಬಾನ್ ನಗರದೊಳಕ್ಕೆ ಗಾಳಿಯೊಡನೆ ಕಡಲೂ ನುಗ್ಗಿತು. ಲೆಕ್ಕಕ್ಕೆ ಸಿಕ್ಕಿದ ಸಾವುಗಳು 6300; ಕಾಣೆಯಾದವರು ಸಾವಿರಕ್ಕೂ ಮಿಕ್ಕು; ಹಾಳಾದ ಮನೆಗಳು ಸುಮಾರು 11 ಲಕ್ಷ. ಲೋಕದ ಕರುಳು ಕರಗದೆ ಇರಲಿಲ್ಲ. ಅಕ್ಕಿ, ನೀರು, ಔಷಧ, ಟಾರ್ಪಾಲುಗಳು ಹಡಗು ವಿಮಾನಗಳಲ್ಲಿ ಬಂದವು. ಅನೇಕ ಪ್ರಾಣಗಳು ಉಳಿದವು.

ಆದರೆ ಆ ಬಿರುಗಾಳಿಯು ಸುಮಾರು 3 ಕೋಟಿ 30 ಲಕ್ಷ ತೆಂಗಿನ ಮರಗಳನ್ನೂ ಕೆಡಿಸಿತ್ತು. ತೆಂಗನ್ನು ನೆಟ್ಟು ಬಲ್ಲವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಸಸಿಯು ಫಲಕ್ಕೆ ಬರಲು ಆರೇಳು ವರ್ಷಗಳು ಬೇಕು. ಬಂದ ಅಕ್ಕಿ ತೀರಿದ ಮೇಲೆ, ಮೊದಲ ಕಾಯಿ ಬೀಳುವವರೆಗೆ, ಆ ಒಕ್ಕಲಿನ ಮಕ್ಕಳು ಉಣ್ಣುವುದೇನು? ಮೀನುಗಾರರ ಪಾಡೂ ಹೀಗೆಯೆ. ಅಪಾಯದ ದಂಡೆಯನ್ನು ಬಿಡಿಸಿ ಅನೇಕರಿಗೆ ನಗರದ ಉತ್ತರಕ್ಕೆ ಮನೆಗಳನ್ನು ಕಟ್ಟಿಕೊಟ್ಟರು. ಜೀವಕ್ಕೆ ಭದ್ರವಾದ ಸ್ಥಳ, ನಿಜ. ಆದರೆ ಬಹುಕಾಲ ಅಲ್ಲಿ ನಲ್ಲಿಯ ನೀರಿರಲಿಲ್ಲ, ದುಡಿಮೆಯ ಜಾಗವೂ ದೂರವಾಯಿತು. ಮನೆ ದೊರೆಯಿತು, ಬಾಳು ದೊರೆಯಲಿಲ್ಲ.

ಇದಕ್ಕೊಂದು ಆಕ್ಷೇಪವುಂಟು: ಎಷ್ಟು ಕಾಲವೆಂದು ಕೊಡುವುದು? ಬಹುಕಾಲ ಕೊಟ್ಟರೆ ಕೊಳ್ಳುವವನು ಕೈಚಾಚುವುದನ್ನೇ ಕಲಿಯನೆ? ಆಕ್ಷೇಪವು ತಳ್ಳಿಬಿಡುವಂತಹುದಲ್ಲ. ಆದರೆ ಸಸಿಯೊಡನೆ ಅದರ ನಡುವೆ ಬೆಳೆವ ಕಾಯಿಪಲ್ಯದ ಬೀಜವನ್ನು ಕೊಟ್ಟವನು, ದೋಣಿಯೊಡನೆ ಬಲೆಯನ್ನು ಕೊಟ್ಟವನು, ತನ್ನ ದಾನಕ್ಕೆ ತಾನೇ ಒಂದು ಕೊನೆಯನ್ನು ಗೊತ್ತುಮಾಡಿದಂತಾಯಿತು. ಆ ಕೊನೆಯನ್ನು ಗೊತ್ತುಮಾಡತಕ್ಕುದು ಕೊಳ್ಳುವವನ ಬಾಳು, ಕೊಡುವವನ ಬೇಸರವಲ್ಲ.

ನೋಯುವವನನ್ನು ಕಂಡೊಡನೆ ನಮಗೂ ನೋವಾಗುತ್ತದೆ. ಕೊಟ್ಟೊಡನೆ ನಮ್ಮ ನೋವು ಶಮನವಾಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ನಾವು ಕೊಟ್ಟುದು ಯಾರಿಗೆ? ನಮ್ಮ ಮನಸ್ಸು ಕರಗುವ ಕಾಲ ಬೇರೆ, ಅವನ ತೋಟ ಚಿಗುರುವ ಕಾಲ ಬೇರೆ. ಗೀತೆಯು ಹೇಳುವ ಕಾಲವು ಆ ಎರಡನೆಯದೇ ಇರಬೇಕೆಂದು ನನಗೆ ತೋರುತ್ತದೆ. ಸುದ್ದಿಯು ಪತ್ರಿಕೆಗಳಿಂದ ಮರೆಯಾದ ಮೇಲೆ, ಮೂರನೆಯ ವರ್ಷದಲ್ಲಿ ಒಮ್ಮೆ ನೆನೆದು ಕಳುಹಿದ ಅಲ್ಪವೂ ಆ ದಾನದಲ್ಲಿ ಸೇರತಕ್ಕುದು.