ದಿನದ ಧಮ್ಮ ಚಿಂತನೆ: ಎಕ್ಕಿ ಹಾಲು, ವಿಷದ ಬಾಣ



ಕಳೆದ ಬೇಸಿಗೆ ರಜೆಯಲ್ಲಿ ಲಿಂಗಸುಗೂರಿನಿಂದ ಮನೆಮಂದಿಯೆಲ್ಲ ಮಸ್ಕಿಗೆ ಹೋಗಿದ್ದೆವು. 1915ರಲ್ಲಿ ಬೆಳಕಿಗೆ ಬಂದ, ಅಶೋಕ ಎಂಬ ಹೆಸರೇ ಇರುವ ಬಂಡೆಶಾಸನವನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆ. ಇಳಿದು ಬರುವಾಗ ತಂಗಿಯ ಮಗನ ಅಂಗಾಲಿನಲ್ಲಿ ಜಾಲಿ ಮುಳ್ಳು ಮುರಿಯಿತು. ಪಕ್ಕದಲ್ಲೇ ಎಕ್ಕಿ ಗಿಡ ಇತ್ತು. ನಮ್ಮಜ್ಜಿ ಮುಳ್ಳು ಮುರಿದ ಜಾಗಕ್ಕೆ ಎಕ್ಕಿ ಹಾಲು ಬಿಡುತ್ತಿದ್ದಳು, ಮೊಣಕಾಲು ನೋವಿಗೆ ಎಲೆ ಬಿಸಿ ಮಾಡಿ ಕಟ್ಟುತ್ತಿದ್ದಳು. ನಾನೂ ಎಲೆ ಮುರಿದು ಹಾಲು ಬಿಟ್ಟೆ. ಹುಡುಗ ಅದನ್ನು ಮುಟ್ಟಿ, ಅದೇ ಬೆರಳಿನಿಂದ ಕಣ್ಣು ಉಜ್ಜಿಕೊಂಡ.

"ಯಣ್ಣಾ, ನಿನಗ್ಯಾರು ಹೇಳಿದ್ರು ಎಕ್ಕಿ ಹಾಲು ಹಚ್ಚಂತ?" ಎಂದು ತಂಗಿ ರೇಗಿದಳು. ನಾನು ಹುಡುಗನನ್ನು ಬೈದೆ. ಭಾವ ನಮ್ಮಿಬ್ಬರನ್ನೂ ಬೈದರು. ನಮ್ಮ ಜಗಳದ ನಡುವೆ ನನ್ನ ಮಗಳು ಬಾಟಲಿ ತೆರೆದು, "ಮೊದ್ಲು ನೀರು ಹಾಕ್ರಿ" ಎಂದು ಕಣ್ಣು ತೊಳೆಯತೊಡಗಿದಳು.

ಸಿಂಧನೂರಿನ ಕಣ್ಣಿನ ಡಾಕ್ಟರ್ ಹೇಳಿದರು: "ಈ ಹಾಲಿನಿಂದ ಕಣ್ಣಿನ ಪಾರದರ್ಶಕ ಪದರ ಊದಿಕೊಂಡು ದೃಷ್ಟಿ ಮಂಜಾಗುತ್ತೆ. ಎಷ್ಟೋ ಸಲ ನೋವೇ ಇರಲ್ಲ, ಅದಕ್ಕೇ ಜನ ತಡ ಮಾಡ್ತಾರೆ. ತಕ್ಷಣ ತೊಳೆದದ್ದು ಒಳ್ಳೇದಾಯ್ತು." ವಾರದಲ್ಲಿ ಕಣ್ಣು ತಿಳಿಯಾಯಿತು. ಆಗ ನೆನಪಾಯಿತು: ಹಾಲು ಬಿಟ್ಟ ಮೇಲೆ ಅಜ್ಜಿ ತಪ್ಪದೆ "ಕೈ ತೊಳಿ, ಕಣ್ಣು ಮುಟ್ಟಬ್ಯಾಡ" ಅನ್ನುತ್ತಿದ್ದಳು. ನಾನು ಅವಳ ಮದ್ದನ್ನು ನೆನಪಿಟ್ಟು ಎಚ್ಚರಿಕೆಯನ್ನು ಮರೆತಿದ್ದೆ.

ಚೂಳಮಾಲುಂಕ್ಯ ಸುತ್ತದಲ್ಲಿ ಬುದ್ಧರು ವಿಷದ ಬಾಣ ನಾಟಿದವನ ಕಥೆ ಹೇಳುತ್ತಾರೆ. ವೈದ್ಯ ಬಂದು ನಿಂತಿದ್ದರೂ ಆತ ಬಾಣ ಕೀಳಲು ಬಿಡುವುದಿಲ್ಲ. ಬಿಟ್ಟವನು ಕ್ಷತ್ರಿಯನೋ, ಬ್ರಾಹ್ಮಣನೋ, ವೈಶ್ಯನೋ, ಶೂದ್ರನೋ? ಬಿಲ್ಲಿನ ಹೆದೆ ಯಾವ ನಾರಿನದು? ಇದೆಲ್ಲ ಮೊದಲು ತಿಳಿಯಬೇಕು ಎನ್ನುತ್ತಾನೆ. ಅಲ್ಲಿ ಬರುವ ನಾರುಗಳಲ್ಲಿ ಒಂದು 'ಅಕ್ಕ', ಅಂದರೆ ನಮ್ಮ ಇದೇ ಎಕ್ಕಿ! ಉತ್ತರ ಸಿಗುವ ಮೊದಲೇ ಆತ ಸಾಯುತ್ತಾನೆ.

ಹಾಗಾದರೆ ಬಾಣ ಬಿಟ್ಟವರು ಯಾರೆಂದು ನಾವು ಕೇಳಬಾರದೇ? ಕೇಳಲೇಬೇಕು. ಬಾಬಾಸಾಹೇಬರು 1916ರಲ್ಲೇ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಮಂಡಿಸಿದರು. ಆದರೆ ಚರ್ಚೆ ಮುಗಿಯಲಿ ಎಂದು ಅವರು ಕಾಯುತ್ತ ಕೂರಲಿಲ್ಲ. 1927ರ ಮಾರ್ಚ್ 20ರಂದು ಜನರೊಂದಿಗೆ ಮಹಾಡದ ಚೌದಾರ ಕೆರೆಗೆ ಹೋಗಿ ನೀರು ಕುಡಿದರು.

ನಮ್ಮ ಮನೆಯಲ್ಲಿ, ಓಣಿಯಲ್ಲಿ ಇಂದು ಯಾರ ಕಣ್ಣು ಉರಿಯುತ್ತಿದೆ? ತಪ್ಪು ಯಾರದೆಂದು ಆಮೇಲೆ ನೋಡೋಣ. ಮೊದಲು ನೀರು ಹಾಕೋಣ.

ನಮೋ ಬುದ್ಧಾಯ. ಜೈ ಭೀಮ್. 🙏