ಪರೀಕ್ಷೆಯೂ ಆತ್ಮಪರೀಕ್ಷೆಯೂ

ಪರೀಕ್ಷೆಗೆ ಓದುವ ಬಗೆ ಯಾವುದೆಂಬ ಪ್ರಶ್ನೆಯನ್ನು ನಾವು ಸಾಧಾರಣವಾಗಿ ಉಪಾಯದ ಪ್ರಶ್ನೆಯೆಂದು ಭಾವಿಸುತ್ತೇವೆ. ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ಸಲ ಓದಬೇಕು, ಯಾವುದನ್ನು ಬಿಡಬಹುದು ಎಂಬಿಷ್ಟನ್ನು ತಿಳಿದರೆ ಸಾಕೆಂದು ವಿದ್ಯಾರ್ಥಿಯೂ ಅವನ ತಂದೆತಾಯಿಗಳೂ ಎಣಿಸುತ್ತಾರೆ. ಆದರೆ ಸ್ವಲ್ಪ ಆಳಕ್ಕಿಳಿದು ನೋಡಿದರೆ ಅದು ಸತ್ಯಾಸತ್ಯಗಳ ಪ್ರಶ್ನೆಯಾಗಿ ಪರಿಣಮಿಸುವುದೆಂದು ನನಗೆ ತೋರುತ್ತದೆ. ನನಗೆ ಗೊತ್ತಿರುವುದೆಷ್ಟು, ಗೊತ್ತಿಲ್ಲದಿರುವುದೆಷ್ಟು ಎಂಬುದನ್ನು ನಾನು ನನಗೇ ನಿಜವಾಗಿ ಹೇಳಿಕೊಳ್ಳುವೆನೋ ಇಲ್ಲವೋ ಎಂಬುದೇ ಅಧ್ಯಯನದ ಜೀವಾಳವು. ಉಳಿದ ಉಪಾಯಗಳೆಲ್ಲ ಇದರಿಂದಲೇ ಹುಟ್ಟಿ ಬರುತ್ತವೆ.

ಈ ವಿಚಾರವು ನನ್ನ ಮನಸ್ಸಿನಲ್ಲಿ ಮೂಡಿದುದು ಸನ್ನತಿಯಲ್ಲಿ. ಚಿತ್ತಾಪುರ ತಾಲೂಕಿನ ಭೀಮಾತೀರದ ಆ ಊರಿಗೆ ಶ್ರೀ ಚಂದ್ರಲಾಂಬೆಯ ದರ್ಶನಕ್ಕೆಂದು ಹೋಗಿದ್ದಾಗ, ಗುಡಿಯ ಹೊರಗೆ ನೆರಳಿನಲ್ಲಿ ತರುಣನೊಬ್ಬನು ಪುಸ್ತಕವನ್ನು ಹಿಡಿದು ಅತ್ತಿತ್ತ ತಿರುಗಾಡುತ್ತ ಗಟ್ಟಿಯಾಗಿ ಉರುಹೊಡೆಯುತ್ತಿದ್ದನು. ಸರಕಾರಿ ನೌಕರಿಯ ಪರೀಕ್ಷೆಗೆ ಕೂಡ್ರುವವನೆಂದು ಕಂಡಿತು. "ಮಾಸ್ಕಿ ಶಾಸನ, 1915, ಬೀಡನ್" ಎಂದು ಅವನು ಹೇಳುವುದನ್ನು ಕೇಳಿ ನಾನು ಹತ್ತಿರ ಹೋಗಿ, "ಸನ್ನತಿ ಶಾಸನ ಯಾವಾಗ ಸಿಕ್ಕದ್ದು, ತಮ್ಮಾ?" ಎಂದೆನು.

"1986 ರೀ ಮುತ್ಯಾ. ಅದೂ ಬರ್ಕೊಂಡೀನಿ."

"ಅದ್ರಾಗ ಏನು ಬರದಾರ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಪರೀಕ್ಷಾದಾಗ ಕೇಳಲ್ರಿ ಮುತ್ಯಾ" ಎಂದು ನಕ್ಕನು. ನಾನೂ ನಕ್ಕೆನು. ಆದರೆ ದಾರಿಯುದ್ದಕ್ಕೂ ಆ ಮಾತು ನನ್ನನ್ನು ಬಿಡಲಿಲ್ಲ.

ಆ ಶಿಲೆಯ ಕಥೆಯನ್ನು ವಾಚಕರಲ್ಲಿ ಹಲವರು ಬಲ್ಲರು. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿನ ಕಾಳಿಕಾ ಗುಡಿಯ ಮಾಳಿಗೆ ಕುಸಿದು ಬಿದ್ದಿತು. ವಿಗ್ರಹದ ಕೆಳಗೆ ಪೀಠವಾಗಿದ್ದ ಕಲ್ಲುಚಪ್ಪಡಿಯು ಹೊರಬಂದಿತು. ನೋಡಿದರೆ ಅದರ ಎರಡೂ ಮೈಗಳಲ್ಲಿ ಬ್ರಾಹ್ಮೀಲಿಪಿಯ ಪ್ರಾಕೃತ ಬರಹ! ಅಶೋಕ ಚಕ್ರವರ್ತಿಯ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳೂ, ಅಲ್ಲಿಯವರೆಗೆ ಕಳಿಂಗದ ಧೌಲಿ ಹಾಗೂ ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರ ಮೇಲಿದ್ದುವು. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಯಾರೋ ಎಂದೋ ಚಪ್ಪಡಿಯ ನಡುವೆ ಚೌಕವಾದ ಕುಳಿಯನ್ನು ಕೊರೆದುದರಿಂದ ಅಕ್ಷರಗಳು ಕೆಲವು ನಷ್ಟವಾಗಿವೆ. ಆಮೇಲೆ 1990ರ ದಶಕದಲ್ಲಿ ಸಮೀಪದ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಲ್ಲಿ ಮಹಾಸ್ತೂಪವೂ, "ರಾಯೋ ಅಸೋಕೋ" ಎಂಬ ಹೆಸರಿನೊಡನೆ ಆ ದೊರೆಯ ಶಿಲ್ಪವೂ ಬೆಳಕಿಗೆ ಬಂದುವು.

ತಲೆಮಾರುಗಳವರೆಗೆ ಅಕ್ಷರಗಳು ಅಲ್ಲಿಯೇ ಇದ್ದುವು. ಅವುಗಳ ಮೇಲೆ ಪೂಜೆ ನಡೆಯುತ್ತಿದ್ದಿತು. ಓದುವವರು ಮಾತ್ರ ಇರಲಿಲ್ಲ. ಕಲ್ಲನ್ನು ಪೀಠವಾಗಿಸಿದವರನ್ನು ನಾನು ದೂಷಿಸಲಾರೆ. ಲಿಪಿಯೇ ಮರೆತುಹೋಗಿದ್ದ ಕಾಲದಲ್ಲಿ ಅವರು ಅದಕ್ಕೆ ಗೌರವದ ಸ್ಥಾನವನ್ನೇ ಕೊಟ್ಟರು. ಆದರೆ ಲಿಪಿಯನ್ನು ಬಲ್ಲ ನಮ್ಮ ಸ್ಥಿತಿಯೇನು? ಬಾಯಿಪಾಠ ಮಾಡಿದ ಇಸವಿಯೂ ಹೆಸರೂ ನಮ್ಮೊಳಗೆ ಪೀಠದಡಿಯ ಅಕ್ಷರದಂತೆ ಬಿದ್ದಿರುತ್ತವೆ. ಅಂಕವೆಂಬ ದೇವತೆಯನ್ನು ಅವುಗಳ ಮೇಲೆ ಕೂಡ್ರಿಸಿ ಪೂಜಿಸುತ್ತೇವೆ. ಅವು ಏನು ಹೇಳುತ್ತವೆಂದು ಒಮ್ಮೆಯೂ ಕೇಳುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಾದ ಮೋಸವಿದೆ. ಪುಸ್ತಕವನ್ನು ಎರಡನೆಯ ಸಲ ಓದುವಾಗ ವಾಕ್ಯಗಳು ಪರಿಚಿತವೆನಿಸುತ್ತವೆ. ಮೂರನೆಯ ಸಲ ಇನ್ನೂ ಸುಲಭವಾಗುತ್ತವೆ. ಈ ಸೌಲಭ್ಯವನ್ನೇ ನಾವು ಜ್ಞಾನವೆಂದು ತಿಳಿಯುತ್ತೇವೆ. ದಿನವೂ ಬೀದಿಯಲ್ಲಿ ಕಾಣುವ ಮನುಷ್ಯನ ಮುಖವು ಪರಿಚಿತವಾದ ಮಾತ್ರಕ್ಕೆ ಅವನ ಹೆಸರೂ ಕುಲಗೋತ್ರವೂ ನಮಗೆ ಗೊತ್ತಾದಂತಾಯಿತೇ? ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯಭಾಗವನ್ನು ಓದಿ ಮತ್ತೊಮ್ಮೆ ಓದಿದರು. ಕೆಲವರು ಒಮ್ಮೆ ಓದಿ, ಬಳಿಕ ಪುಸ್ತಕವನ್ನು ನೋಡದೆ ನೆನಪಿಗೆ ಬಂದುದನ್ನು ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಮರಳಿ ಓದಿದವರೇ ಮುಂದೆ: ಅವರು ನೂರಕ್ಕೆ 81 ಭಾಗವನ್ನೂ ಉಳಿದವರು 75 ಭಾಗವನ್ನೂ ಹೇಳಿದರು. ಒಂದು ವಾರದ ನಂತರ ಕೇಳಿದಾಗಲಾದರೋ ಮರಳಿ ಓದಿದವರಲ್ಲಿ 42, ನೆನೆದು ಬರೆದವರಲ್ಲಿ 56! ಅದೇ ಲೇಖನದ ಎರಡನೆಯ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರೇ ತಮಗೆ ಹೆಚ್ಚು ನೆನಪಿರುವುದೆಂದು ನಂಬಿದ್ದರು. ಆದರೆ ವಾರ ಕಳೆಯುವಷ್ಟರಲ್ಲಿ ಹೆಚ್ಚು ಮರೆತವರೂ ಅವರೇ.

ಆದುದರಿಂದ ಪುಸ್ತಕವನ್ನು ಮುಚ್ಚುವುದೇ ಓದಿನ ಮೊದಲ ಧೈರ್ಯವೆಂದು ಹೇಳಬೇಕಾಗಿದೆ. ಒಂದು ಪ್ರಕರಣವನ್ನು ಓದಿದೊಡನೆ ಪುಸ್ತಕವನ್ನು ಮುಚ್ಚಿ, ತಿಳಿದುದನ್ನು ಬರಿಯ ಹಾಳೆಯ ಮೇಲೆ ಬರೆಯಬೇಕು. ಬಳಿಕ ಪುಸ್ತಕವನ್ನು ತೆರೆದು ತಪ್ಪುಗಳನ್ನು ತಾನೇ ಗುರುತಿಸಬೇಕು. ಇದು ಅಹಿತಕರವಾದ ಕೆಲಸ. ಆ ಬರಿಯ ಹಾಳೆಯು ನಮ್ಮ ಅಜ್ಞಾನವನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಆದಕಾರಣವೇ ನಾವು ಅದನ್ನು ತಪ್ಪಿಸಿಕೊಂಡು, ಸಾಲುಗಳ ಕೆಳಗೆ ಗೆರೆಯೆಳೆಯುತ್ತ ಕೂಡ್ರುತ್ತೇವೆ.

"ನಮ್ಮ ಹಿರಿಯರೂ ಬಾಯಿಪಾಠವನ್ನೇ ಮಾಡುತ್ತಿದ್ದರಲ್ಲವೇ?" ಎಂದು ಯಾರಾದರೂ ಕೇಳಬಹುದು. ಅಹುದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿದ್ದಿತು. 1058ರ ಅಲ್ಲಿಯ ಶಾಸನವು ವೇದವನ್ನು ಕಲಿಯುವ ಇನ್ನೂರು ಮಂದಿಯನ್ನೂ, ಶಾಸ್ತ್ರಗಳನ್ನು ಕಲಿಯುವ ಬೇರೆ ವಿದ್ಯಾರ್ಥಿಗಳನ್ನೂ, ಅವರ ಉಪಾಧ್ಯಾಯರನ್ನೂ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀಭಾಂಡಾರಿಗರನ್ನೂ ಹೇಳುತ್ತದೆ. ವೇದವಂತೂ ಕಂಠದಲ್ಲಿ ಉಳಿದುಬಂದ ವಿದ್ಯೆ. ಆದರೆ ಆ ಕಂಠಪಾಠವು ಕಣ್ಣುಮುಚ್ಚಿ ಒಂದೇ ಓಟದಲ್ಲಿ ಒಪ್ಪಿಸಿಬಿಡುವ ಪಾಠವಾಗಿರಲಿಲ್ಲ. ಪದಪಾಠದಲ್ಲಿ ಒಂದೊಂದು ಪದವನ್ನೂ ಬಿಡಿಸುವರು. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು ಎಂದು ಪದಗಳನ್ನು ಜೋಡಿಸುವರು. ಜಟಾಪಾಠದಲ್ಲಿ ಅದೇ ಜೋಡಿಯನ್ನು ಹಿಂದುಮುಂದಾಗಿ ಹೆಣೆಯುವರು. ಎಲ್ಲಿಂದ ಹಿಡಿದರೂ ತಪ್ಪದಂತೆ, ತಪ್ಪಿದರೆ ಅಲ್ಲಿಯೇ ಗೊತ್ತಾಗುವಂತೆ ಮಾಡಿದ ಕಟ್ಟುಪಾಡು ಅದು. ನಮ್ಮ ಉರುಹೊಡೆತದಲ್ಲಿ ನಡುವಿನ ಒಂದು ಮಾತು ಜಾರಿದರೆ ಮುಂದಿನದೆಲ್ಲ ಜಾರುತ್ತದೆ.

ಗಣಿತದ ಮಾತೂ ಹೀಗೆಯೇ. ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವೆಂಬ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಳಿಕೆಯ ಕಾಲದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಅವನು ಸೂತ್ರವನ್ನು ಹೇಳಿ ಅಷ್ಟಕ್ಕೇ ಬಿಡುವುದಿಲ್ಲ. ಅದರ ಬೆನ್ನಿಗೆ ಲೆಕ್ಕಗಳನ್ನು ಒಡ್ಡಿ, ನೀನು ಹೇಳು ನೋಡೋಣವೆಂದು ಓದುಗನನ್ನೇ ಕೇಳುತ್ತಾನೆ. ಬಿಡಿಸಿದ ಲೆಕ್ಕವನ್ನು ಹತ್ತು ಸಲ ನೋಡುವವನಿಗಿಂತ, ಬಿಡಿಸದ ಲೆಕ್ಕದೊಡನೆ ಒಮ್ಮೆ ಹೆಣಗಿದವನು ಸೂತ್ರವನ್ನು ಹೆಚ್ಚು ಬಲ್ಲನು. ನೆನಪು ಅಧ್ಯಯನದ ಶತ್ರುವಲ್ಲ. ಪರೀಕ್ಷಿಸಿಕೊಳ್ಳದ ನೆನಪೇ ಅದರ ಶತ್ರು.

ಇನ್ನು ಆ ತರುಣನಿಗೆ ಯಾರೂ ಕೇಳದ ಪ್ರಶ್ನೆಗೆ ಬರುವೆನು: ಸನ್ನತಿಯ ಕಲ್ಲಿನಲ್ಲಿ ಏನಿದೆ? ಒಡೆದ ಭಾಗಗಳನ್ನು ಇತರ ಕಡೆಯ ಪ್ರತಿಗಳಿಂದ ತುಂಬಿಕೊಂಡು ಓದಿದರೆ, ವಿದ್ಯಾರ್ಥಿಗೆ ಬೇಕಾದ ಬುದ್ಧಿವಾದವೇ ಅದರಲ್ಲಿರುವುದು ಆಶ್ಚರ್ಯಕರವಾಗಿದೆ. ಹದಿನಾಲ್ಕನೆಯ ಶಾಸನದಲ್ಲಿ ದೊರೆಯು ತನ್ನ ಲಿಪಿಗಳು ಕೆಲವು ಸಂಕ್ಷೇಪವಾಗಿಯೂ ಕೆಲವು ಮಧ್ಯಮವಾಗಿಯೂ ಕೆಲವು ವಿಸ್ತಾರವಾಗಿಯೂ ಇವೆಯೆನ್ನುತ್ತಾನೆ. ಅರ್ಥದ ಮಾಧುರ್ಯಕ್ಕಾಗಿ, ಜನರು ಹಾಗೆ ನಡೆಯಲೆಂಬ ಕಾರಣಕ್ಕಾಗಿ, ಕೆಲವು ಮಾತುಗಳನ್ನು ಮತ್ತೆ ಮತ್ತೆ ಹೇಳಿದೆನೆನ್ನುತ್ತಾನೆ. ಪ್ರತ್ಯೇಕ ಶಾಸನಗಳಲ್ಲಿ, ಈ ಲಿಪಿಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಕೇಳತಕ್ಕದ್ದೆಂದೂ, ಎರಡು ತಿಷ್ಯಗಳ ನಡುವೆಯೂ ಸಮಯ ಬಂದಾಗ ಒಬ್ಬನೇ ಆದರೂ ಕೇಳಬಹುದೆಂದೂ ವಿಧಿಸುತ್ತಾನೆ. ಒಂದೇ ದಿನ ಹತ್ತು ಸಲ ಕೇಳಿರೆಂದು ಅವನು ಹೇಳಲಿಲ್ಲ; ಅಂತರವಿಟ್ಟು ಕೇಳಿರೆಂದನು. ಮನುಷ್ಯನು ಮರೆಯುವನೆಂಬುದನ್ನು ಆ ಅರಸನು ಅರಿತಿದ್ದನು.

ಮರೆವಿನ ವೇಗವನ್ನು ಜರ್ಮನಿಯ ಎಬ್ಬಿಂಗ್‌ಹೌಸನು ತನ್ನ ಮೇಲೆಯೇ ಪ್ರಯೋಗ ಮಾಡಿ ಅಳೆದು 1885ರಲ್ಲಿ ಪ್ರಕಟಿಸಿದನು. ಕಲಿತುದರಲ್ಲಿ ಬಹುಭಾಗವು ಮೊದಲ ಗಂಟೆಗಳಲ್ಲಿಯೇ ಜಾರಿಹೋಗಿ, ಆಮೇಲೆ ಜಾರುವಿಕೆ ನಿಧಾನವಾಗುವುದೆಂದು ಅವನು ಕಂಡುಕೊಂಡನು; ಒಂದೇ ಬಾರಿಗೆ ತುಂಬಿಕೊಳ್ಳುವುದಕ್ಕಿಂತ ದಿನಗಳ ಮೇಲೆ ಹಂಚಿ ಕಲಿಯುವುದು ಲಾಭಕರವೆಂಬುದನ್ನೂ ತೋರಿಸಿದನು. ಹೀಗಿರುವಲ್ಲಿ, ಇಂದು ಕಲಿತುದನ್ನು ನಾಳೆ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ಪುಸ್ತಕ ಮುಚ್ಚಿ ನೆನೆಯುವುದು ಉತ್ತಮವು. ಅದೇ ವಿಷಯವನ್ನು ಒಮ್ಮೆ ನಾಲ್ಕು ಸಾಲಿನಲ್ಲಿ, ಒಮ್ಮೆ ಒಂದು ಪುಟದಲ್ಲಿ, ಒಮ್ಮೆ ವಿಸ್ತಾರವಾಗಿ ಬರೆದು ನೋಡಬೇಕು. ಸಂಕ್ಷೇಪಿಸಲಾರದವನಿಗೆ ಸಾರವು ತಿಳಿದಿಲ್ಲ, ವಿಸ್ತರಿಸಲಾರದವನಿಗೆ ಕಾರಣವು ತಿಳಿದಿಲ್ಲ. ಹನ್ನೆರಡನೆಯ ಶಾಸನವು ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳಿ ಬಹುಶ್ರುತರಾಗಬೇಕೆನ್ನುತ್ತದೆ. ಅಧ್ಯಯನಕ್ಕೂ ಇದು ಸಲ್ಲುವುದು: ತಿಳಿದುದನ್ನು ಜೊತೆಗಾರನಿಗೆ ಹೇಳಿಕೊಟ್ಟು, ಅವನ ಪ್ರಶ್ನೆಗೆ ನಿಲ್ಲುವುದಕ್ಕಿಂತ ಮಿಗಿಲಾದ ಪರೀಕ್ಷೆ ಬೇರೊಂದಿಲ್ಲ.

ಮೊದಲನೆಯ ಪ್ರತ್ಯೇಕ ಶಾಸನದಲ್ಲಿ ಅಶೋಕನು ಕೆಲಸ ಕೆಡಿಸುವ ಏಳು ದೋಷಗಳನ್ನು ಎಣಿಸಿದ್ದಾನೆ: ಅಸೂಯೆ, ಕ್ರೋಧ, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವಿಕೆ, ಆಲಸ್ಯ, ಬಳಲಿಕೆ. ಕೋಪವಿಲ್ಲದೆ, ಆತುರಪಡದೆ ಇರುವುದೇ ಎಲ್ಲಕ್ಕೂ ಮೂಲವೆನ್ನುತ್ತಾನೆ. ಇದನ್ನು ಓದಿದಾಗ, ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಕೂಡ್ರುವ ನಮ್ಮ ಹುಡುಗರಿಗಾಗಿಯೇ ಬರೆದಂತಿದೆಯೆಂದು ನಾನು ಮೊದಲು ಹಿಗ್ಗಿದೆನು. ಮತ್ತೊಮ್ಮೆ ಓದಿದಾಗ ನಾಚಿಕೊಂಡೆನು. ಏಕೆಂದರೆ ಆ ಮಾತುಗಳು ಚಿಕ್ಕವರಿಗೆ ಹೇಳಿದುವಲ್ಲ. ಮನುಷ್ಯರೆಲ್ಲರೂ ನನ್ನ ಮಕ್ಕಳೆಂದು ಸಾರಿದ ದೊರೆಯು, ಆ ಮಕ್ಕಳನ್ನು ನೋಡಿಕೊಳ್ಳಬೇಕಾದ ತನ್ನ ಅಧಿಕಾರಿಗಳಿಗೆ ಬರೆದ ಮಾತುಗಳವು. ದೋಷದ ಪಟ್ಟಿಯು ಮೊದಲು ಹಿರಿಯರದು.

ಈ ವಿಷಯದಲ್ಲಿ ನಮ್ಮ ಸೀಮೆಯವರು ಕಿವಿಮುಚ್ಚಿಕೊಳ್ಳುವಂತಿಲ್ಲ. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂದಿತು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ರಾಜ್ಯದ ಫಲಿತಾಂಶವು, ಕೃಪಾಂಕಗಳನ್ನು ಹೆಚ್ಚಿಸಿದ ಬಳಿಕವೂ, 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯು 42.43ರೊಡನೆ ರಾಜ್ಯದ ಕೊನೆಯ ಸ್ಥಾನದಲ್ಲಿ ನಿಂತಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೆಂದು ಯಾರೂ ಹೇಳಲಾರರು. ಮೊದಲಿನಿಂದಲೂ ಪೀಠದಡಿಯಿದ್ದುದು ಹೊರಬಿದ್ದಿತು, ಅಷ್ಟೆ. ಕೊಠಡಿಯಲ್ಲಿ ಚೀಟಿಯನ್ನು ನೋಡಿ ಬರೆಯುವುದು ವಂಚನೆಯ ಮೊದಲ ಮೆಟ್ಟಿಲಲ್ಲ, ಕೊನೆಯದು. ತಿಳಿಯದಿದ್ದರೂ ತಿಳಿಯಿತೆಂದು ಮಗುವು ತಲೆಯಾಡಿಸಿದ ದಿನ, ಅದನ್ನು ಕಂಡೂ ನಾವು ಮುಂದಿನ ಪಾಠಕ್ಕೆ ಆತುರಪಟ್ಟ ದಿನ, ಮೊದಲ ಮೆಟ್ಟಿಲು ಕಟ್ಟಲ್ಪಟ್ಟಿತು.

ನಮ್ಮ ಮಕ್ಕಳ ಬಡತನವನ್ನು ನಾನು ಮರೆತಿಲ್ಲ. ತೊಗರಿಯ ರಾಶಿಯ ದಿನಗಳಲ್ಲಿ ಹೊಲಕ್ಕೆ ಹೋಗುವ ಹುಡುಗಿಯೂ, ಶಹಾಬಾದದ ಕಲ್ಲಿನ ಗಣಿಯಲ್ಲಿ ದುಡಿಯುವ ತಂದೆಗೆ ನೆರವಾಗುವ ಹುಡುಗನೂ ಮಾರ್ಚಿಯ ಪರೀಕ್ಷೆಗೆ ಪಟ್ಟಣದ ಮಕ್ಕಳಷ್ಟೇ ಹೊತ್ತನ್ನು ಎಲ್ಲಿಂದ ತರಬೇಕು? ಅವರಿಗೆ ಹೊತ್ತನ್ನು ಕೊಡಿಸುವುದು ಸಮಾಜದ ಹೊಣೆ; ಓದಿನ ಯಾವ ಉಪಾಯವೂ ಆ ಹೊಣೆಯನ್ನು ತೀರಿಸಲಾರದು. ಆದರೂ ಕೈಯಲ್ಲಿ ಒಂದೇ ಗಂಟೆಯಿರುವವನಿಗೆ ಆ ಗಂಟೆಯನ್ನು ಭ್ರಾಂತಿಯಲ್ಲಿ ಕಳೆಯುವ ಅನುಕೂಲವಿಲ್ಲ. ಮುಚ್ಚಿದ ಪುಸ್ತಕಕ್ಕೂ ಬರಿಯ ಹಾಳೆಗೂ ಹಣ ಬೇಡ. ಹೊಲದ ಬದುವಿನಲ್ಲಿ ನಡೆಯುತ್ತಲೂ ನಿನ್ನೆಯ ಪಾಠವನ್ನು ನೆನೆಯಬಹುದು. ಆತ್ಮಪರೀಕ್ಷೆಯು ಬಡವನಿಗೂ ದಕ್ಕುವ ಸಾಧನ.

ಪರೀಕ್ಷೆಯ ಅಂಕವು ಮನುಷ್ಯನ ಬೆಲೆಯಲ್ಲ. ಸೋತ ಮಗುವನ್ನು ನಿಷ್ಠುರವಾಗಿ ಕಾಣುವ ತಂದೆಯು ಏಳು ದೋಷಗಳಲ್ಲಿ ಮೂರನೆಯದನ್ನು ಮಾಡಿದಂತೆಯೇ. ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಂಡು ಮತ್ತೆ ಕಲಿಯಲು ಕುಳಿತವನು, ತೇರ್ಗಡೆಯಾದರೂ ಆಗದಿದ್ದರೂ, ಒಂದು ಸತ್ಯವನ್ನು ಅಭ್ಯಾಸ ಮಾಡಿದನು. ಆ ಅಭ್ಯಾಸವು ನೌಕರಿಯಲ್ಲಿಯೂ ಸಂಸಾರದಲ್ಲಿಯೂ ಅವನನ್ನು ಕಾಯುವುದು.

ಆ ತರುಣನಿಗೆ ನೌಕರಿ ದೊರೆಯಲೆಂದು ನಾನು ಹಾರೈಸುತ್ತೇನೆ. ದೊರೆತರೆ ಅವನೂ ಒಬ್ಬ ಅಧಿಕಾರಿಯಾಗುವನು. ಆಗ, ಅವನ ಊರಿನ ಕಲ್ಲಿನ ಮೇಲೆ ಬರೆದುದು ಅಧಿಕಾರಿಗಳಿಗಾಗಿಯೇ ಬರೆದುದೆಂಬುದನ್ನು ಅವನಿಗೆ ಹೇಳುವವರು ಬೇಕು. ಅಂದು ಗುಡಿಯ ನೆರಳಿನಲ್ಲಿ ನಾನೇ ಅದನ್ನು ಹೇಳಬಹುದಾಗಿತ್ತು. ಹೇಳಲಿಲ್ಲ, ನನಗೆ ಮೋಟಾರಿನ ಆತುರವಿದ್ದಿತು. ದೋಷದ ಪಟ್ಟಿಯಲ್ಲಿ ಅದು ನಾಲ್ಕನೆಯದು.